ಮಾವನ ಸ್ವಂತ ಗೋಡೆ

ಬ್ಯಾಡಗಿಯ ನಮ್ಮ ಸೋದರಮಾವನ ಮನೆಯಲ್ಲಿ ಅಲುಗಾಡದೆ ನಿಂತಿರುವುದು ಒಂದೇ ಒಂದು. ಅದು ನಮ್ಮ ಅತ್ತೆ! ಮಿಕ್ಕಿದ್ದೆಲ್ಲ ಅಲುಗಾಡುತ್ತದೆ, ಜೋಲುತ್ತದೆ, ಸೋರುತ್ತದೆ, ಮುಟ್ಟಿದರೆ ಕೈಗೆ ಬರುತ್ತದೆ. ನೀವು ಆ ಮನೆಗೆ ಹೋದರೆ ದಯವಿಟ್ಟು ಗೋಡೆಗೆ ಒರಗಬೇಡಿ. ಬಾಗಿಲ ಚಿಲಕವನ್ನು ಜೋರಾಗಿ ಎಳೆಯಬೇಡಿ, ಎಳೆದರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಬೇಕಾಗುತ್ತದೆ. ಕರೆಗಂಟೆ ಒತ್ತಿದಾಗ ಸದ್ದು ಕೇಳಲಿಲ್ಲವೆಂದು ಬೇಸರವೂ ಬೇಡ. ಅಷ್ಟರಲ್ಲಿ ಒಳಗೆ ಬಚ್ಚಲಮನೆಯ ದೀಪ ಹತ್ತಿರುತ್ತದೆ. ಇದೇನು ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಮಾವ, "ಜಳಕಾ ಮಾಡಾಕತ್ತವರಿಗೆ ಹೊರಗ ಯಾರೋ ಬಂದಾರಂತ ಗೊತ್ತಾಗಬೇಕೋ ಬ್ಯಾಡೋ?" ಎಂದು ನನ್ನನ್ನೇ ಕೇಳಿದರು.

ಇಷ್ಟಕ್ಕೂ ಮಾವ ಗಾರೆ ಕೆಲಸದ ಗೌಂಡಿಯಲ್ಲ, ಬಡಿಗರಲ್ಲ, ಕರೆಂಟಿನ ಕೆಲಸ ಕಲಿತವರೂ ಅಲ್ಲ. ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಜೀವಮಾನವೆಲ್ಲ ಮೆಣಸಿನಕಾಯಿ ಚೀಲ ತೂಗಿದ ಗುಮಾಸ್ತರು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೀಚೆ ಸರಿದರೂ ದೂರದಿಂದಲೇ ಕಂಡುಹಿಡಿಯುತ್ತಿದ್ದರಂತೆ. ಅಂಥ ಕಣ್ಣಿಗೆ ತಾವೇ ಗೋಡೆಗೆ ಬಡಿದ ಹಲಗೆ ಜಾರುಬಂಡೆಯ ಹಾಗೆ ಇಳಿದಿರುವುದು ಮಾತ್ರ ಯಾಕೆ ಕಾಣುವುದಿಲ್ಲ ಎಂಬುದು ನಮ್ಮ ಮನೆತನಕ್ಕೆ ಇನ್ನೂ ಬಿಡಿಸಲಾಗದ ಒಗಟು.

ಬೇರೆಯವರು ಮಕ್ಕಳಿಗೆ ಮನೆ ಹಂಚಿಕೊಡುವ ವಯಸ್ಸಿನಲ್ಲಿ ಮಾವ ಮೊದಲ ಸಲ ಮನೆ ಮಾಡಿದರು. ಪೇಟೆಯಾಚೆ, ಮೆಣಸಿನಕಾಯಿ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲಿ ಯಾರೋ ಕಟ್ಟಿಸಿ ಅರ್ಧಕ್ಕೆ ಬಿಟ್ಟ ಮನೆ. ಗೋಡೆ ನಿಂತಿತ್ತು, ಮೇಲೆ ಸ್ಲ್ಯಾಬ್ ಬಿದ್ದಿತ್ತು. ಉಳಿದ ಕೆಲಸವೆಲ್ಲ ಬಾಕಿ. ಕೀಲಿಕೈ ಕೈಗೆ ಬಂದ ದಿನ ಮಾವ ಹೊಸ್ತಿಲ ಮೇಲೆ ನಿಂತು ಘೋಷಣೆ ಮಾಡಿಯೇಬಿಟ್ಟರು: "ಇನ್ನ ಮ್ಯಾಲೆ ಈ ಮನಿಗೆ ಮತ್ತೊಬ್ಬನ ಕೈ ಹತ್ತಬಾರದು. ಏನ್ ಮಾಡಿದ್ರೂ ನಾನ ಮಾಡಾಂವ!" ಅತ್ತೆ ಆಗ ಹಾಲು ಉಕ್ಕಿಸುವ ಗಡಿಬಿಡಿಯಲ್ಲಿದ್ದರು. ಸರಿಯಾಗಿ ಕೇಳಿಸಿಕೊಂಡಿದ್ದರೆ ಒಲೆ ಆರಿಸಿ ಹೊರಗೆ ಓಡಿಬರುತ್ತಿದ್ದರೇನೋ.

ನಾನು ಹಾವೇರಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡವನು. ಮಾವನ ಈ ಪ್ರತಿಜ್ಞೆಯಿಂದ ನಮ್ಮ ಬಳಗದಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅದು ನನಗೆ. ಗಾಯಕ್ಕೆ ಸುತ್ತುವ ಪಟ್ಟಿ, ಹತ್ತಿ, ಉಳುಕಿನ ಮುಲಾಮು ಇವನ್ನೆಲ್ಲ ಬ್ಯಾಡಗಿಯ ಬಸ್ಸಿನಲ್ಲಿ ಕಳಿಸಿ ಕಳಿಸಿ ನನಗೇ ಸಾಕಾಗಿದೆ!

ಮಾವ ಹೀಗಾಗಲು ಬಾಡಿಗೆ ಮನೆಗಳೇ ಕಾರಣ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಲಗ್ನವಾದಾಗಿನಿಂದ ಅವರು ಒಂದರ ಹಿಂದೊಂದು ಬಾಡಿಗೆ ಮನೆ ಬದಲಿಸಿದವರು. ಮಾಲೀಕರು ಬೇರೆ ಬೇರೆ, ಆದರೆ ಷರತ್ತು ಒಂದೇ: ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಲಗ್ನದಲ್ಲಿ ಉಡುಗೊರೆ ಬಂದ ಗಡಿಯಾರವನ್ನು ತೂಗುಹಾಕಲು ಜಾಗವಿಲ್ಲದೆ ಮಂಚದ ಕೆಳಗೆ ಇಟ್ಟಿದ್ದರು. ಅದು ಅಲ್ಲಿಯೇ ಮಲಗಿಕೊಂಡು ನಿಯತ್ತಿನಿಂದ ಓಡುತ್ತಿತ್ತು. ಯಾರಾದರೂ ವೇಳೆ ಕೇಳಿದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಮಂಚದ ಕೆಳಗೆ ತಲೆ ಹಾಕಿ ನೋಡಿ ಹೇಳುತ್ತಿದ್ದರು. ಕ್ಯಾಲೆಂಡರ್ ಕಿಟಕಿಯ ಸರಳಿಗೆ, ಕನ್ನಡಿ ಜೋಳದ ಡಬ್ಬಿಯ ಆಸರೆಗೆ. ದೇವರ ಫೋಟೋಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನೆಲದ ಮೇಲೆ, ಪಂಕ್ತಿಗೆ ಕೂತವರ ಹಾಗೆ!

ಒಬ್ಬ ಮಾಲೀಕನಂತೂ ಪಕ್ಕದ ಮನೆಯಲ್ಲೇ ಇದ್ದು ಸದಾ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಿದ್ದ. ಎಲ್ಲಿ ಟಕ್ ಎಂದರೂ ಬಾಗಿಲಲ್ಲಿ ಹಾಜರ್.

"ಏನ್ರೀ, ಮೊಳಿ ಹೊಡಿಯಾಕತ್ತೀರೇನು?"

"ಇಲ್ರೀ ಯಪ್ಪಾ, ಶೇಂಗಾ ಚಟ್ನಿ ಕುಟ್ಟಾಕತ್ತೇನಿ."

"ಎಲ್ಲಿ, ನೋಡೂಣು?"

ಅತ್ತೆ ಒರಳು ತೋರಿಸಬೇಕು, ಅವನು ನೋಡಬೇಕು, ನೋಡಿದ ಮೇಲೆ ಒಂದು ಚೂರು ಚಟ್ನಿ ಬಾಯಿಗೆ ಹಾಕಿಕೊಂಡು ಖಾತ್ರಿ ಮಾಡಿಕೊಂಡು ಹೋಗಬೇಕು. ಆ ಮನೆಯಲ್ಲಿರುವವರೆಗೆ ಅತ್ತೆ ಚಟ್ನಿಯನ್ನು ಬಟ್ಟೆ ಹಾಸಿ ಮೆಲ್ಲಗೆ, ಕಳ್ಳತನದ ಮಾಲು ಎನ್ನುವಂತೆ ಕುಟ್ಟುತ್ತಿದ್ದರು.

ಅದೇ ಮನೆಯಲ್ಲಿ ಮಾವನ ಒಬ್ಬಳೇ ಮಗಳು ಹುಟ್ಟಿದಳು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದರೆ ಹೆಂಗಸರೆಲ್ಲ ಸೇರಿ, ಹಾಡು ಹೇಳಿ, ಗುಗ್ಗರಿ ಹಂಚುವ ದೊಡ್ಡ ಸಂಭ್ರಮ. ಅತ್ತೆಯ ತವರಿನಿಂದ ಬಣ್ಣದ ಕಟ್ಟಿಗೆಯ ತೊಟ್ಟಿಲು ಬಂತು. ತೂಗುಹಾಕಲು ಮೇಲೆ ಕೊಂಡಿ ಬೇಕಲ್ಲ? ಮಾವ ಮಾಲೀಕನನ್ನು ಕೇಳಿದರು. "ಜಂತಿಗೆ ಕೊಂಡಿ ಹಾಕಾವ್ರಿದ್ರ ಮೊದಲ ಮನಿ ಖಾಲಿ ಮಾಡ್ರಿ" ಎಂದ ಅವನು. ಕೊನೆಗೆ ಎದುರು ಮನೆಯವರು ದೊಡ್ಡ ಮನಸ್ಸು ಮಾಡಿದರು. ತೊಟ್ಟಿಲು ಅಲ್ಲಿ ತೂಗಿತು, ಹಾಡು ಅಲ್ಲಿ ಹೇಳಿದರು, ಹೆಸರನ್ನೂ ಅಲ್ಲಿಯೇ ಇಟ್ಟರು. ನಾನಾಗ ಚಿಕ್ಕವನು, ಗುಗ್ಗರಿಯ ರುಚಿ ಬಿಟ್ಟರೆ ನನಗೆ ನೆನಪಿರುವುದು ಒಂದೇ. ಮಾವ ರಸ್ತೆಯ ಈಚೆಗೆ ತಮ್ಮ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಒಬ್ಬರೇ ಕೂತಿದ್ದರು. ಅವರದೇ ಮಗಳ ಗುಗ್ಗರಿಯನ್ನು ಯಾರೋ ತಟ್ಟೆಯಲ್ಲಿ ಹಾಕಿ, ನೆಂಟರಿಗೆ ಕೊಟ್ಟ ಹಾಗೆ ತಂದುಕೊಟ್ಟರು.

ಆ ಮಗಳು ಈಗ ಗುತ್ತಲದ ಸೊಸೆ. ಮಾವ ಮನೆ ಕೊಂಡ ವರ್ಷವೇ ಅವಳು ಬಸುರಿ. ಹೆರಿಗೆ ತವರಿನಲ್ಲಿ, ಕೂಸಿನ ತೊಟ್ಟಿಲೂ ತವರಿನಲ್ಲಿ. ಹೊಸ ಮನೆಯ ಪಡಸಾಲೆಯಲ್ಲಿ ಸ್ಲ್ಯಾಬ್ ಹಾಕುವಾಗ ಯಾವ ಪುಣ್ಯಾತ್ಮನೋ ಕೊಂಡಿ ಬಿಡಲು ಮರೆತಿದ್ದ. "ಅದಕ್ಕೇನಾತು, ನಾ ಹಾಕತೀನಿ" ಎಂದರು ಮಾವ. ಮೊದಮೊದಲು ಅತ್ತೆಯೂ ಹೂಂ ಅಂದಿದ್ದರು. ಆಮೇಲೆ ಒಂದೊಂದೇ ಅನುಭವ ಆಗತೊಡಗಿತು ನೋಡಿ, ಆಗ ಅತ್ತೆಯ ದೃಷ್ಟಿ ಪದೇ ಪದೇ ಛಾವಣಿಯ ಕಡೆ ಹೋಗಲಾರಂಭಿಸಿತು.

ಶುರುವಾದದ್ದು ಗಡಿಯಾರದಿಂದ. ಮಂಚದ ಕೆಳಗಿನ ಅಜ್ಞಾತವಾಸ ಮುಗಿಸಿದ ಆ ಗಡಿಯಾರಕ್ಕೆ ಮಾವ ಎದೆಮಟ್ಟದಲ್ಲಿ ಮೊಳೆ ಹೊಡೆದರು. ಹೊಡೆಯುವ ರೀತಿಯೇ ವಿಚಿತ್ರ. ಒಂದು ಪೆಟ್ಟು ಹಾಕುತ್ತಾರೆ. ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಾರೆ. ಆಮೇಲೆ ಎರಡನೆಯ ಪೆಟ್ಟು. ಕಣ್ಣು ಬಾಗಿಲಲ್ಲಿ, ಕೈ ಗೋಡೆಯಲ್ಲಿ ಇದ್ದರೆ ಮೊಳೆ ನೆಟ್ಟಗೆ ಹೋಗುವುದುಂಟೇ? ಶಾಭಾಸ್ ಅನ್ನಲು ಯಾರಾದರೂ ಬಂದರೇ ಎಂದು ನೋಡುತ್ತಾರೆ, ಮೆಚ್ಚುಗೆಯ ಹಸಿವು ಎಂದು ನಾವೆಲ್ಲ ನಗುತ್ತಿದ್ದೆವು. ಮೊಳೆ ಸೊಟ್ಟಗಾಯಿತು. ಕಿತ್ತರು, ಅದರೊಂದಿಗೆ ಗೋಡೆಗೆ ಮೆತ್ತಿದ ಗಿಲಾವೂ ಕಿತ್ತು ಬಂತು. ಪಕ್ಕದಲ್ಲಿ ಹೊಡೆದರು, ಅಲ್ಲಿಯೂ ಅದೇ ಕತೆ. ತೂತು ಮುಚ್ಚಲು ಒಂದು ಕ್ಯಾಲೆಂಡರ್, ಕ್ಯಾಲೆಂಡರ್ ತೂಗಲು ಹೊಡೆದ ಮೊಳೆಯಿಂದ ಇನ್ನೊಂದು ತೂತು, ಅದನ್ನು ಮುಚ್ಚಲು ದೇವರ ಫೋಟೋ! ಒಂದೇ ವಾರದಲ್ಲಿ ಆ ಗೋಡೆಯಲ್ಲಿ ಗೋಡೆಯೇ ಕಾಣದಾಯಿತು. ಮಾವನ ತಂದೆಯ ಫೋಟೋ ಮೊಳಕಾಲಿನ ಮಟ್ಟಕ್ಕೆ ಬಂದು ನಿಂತಿತು, ಏಕೆಂದರೆ ಕಟ್ಟಕಡೆಯ ತೂತು ಬಿದ್ದದ್ದು ಅಲ್ಲಿ.

"ಮಾವನವ್ರಿಗೆ ಕೈ ಮುಗಿಯಾಕ ನಾ ನೆಲಕ್ಕ ಬಗ್ಗಬೇಕ್ರಿ ಈಗ" ಎಂದರು ಅತ್ತೆ.

"ಮತ್ತ? ಹಿರ್ಯಾರ ಮುಂದ ಬಗ್ಗದ ಸೆಟದು ನಿಂದ್ರಾಕಿ ಏನು?" ಎಂದರು ಮಾವ.

ಆಮೇಲೆ ಅಡುಗೆಮನೆಯಲ್ಲಿ ಹಲಗೆ ಬಂತು. ಡಬ್ಬಿಗಳೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ತಾವೇ ನಡೆದುಹೋಗುವಷ್ಟು ಅದಕ್ಕೆ ಇಳಿಜಾರು. ಗುತ್ತಲದ ಅಳಿಯ ಅದರ ಕೆಳಗೆ ಊಟಕ್ಕೆ ಕೂತ ದಿನವೇ ಅದು ಸಾಸಿವೆ ಡಬ್ಬಿಯ ಸಮೇತ ಇಳಿದುಬಂತು. ಪಾಪ, ಅವರು ಮಾತಿನಲ್ಲಿ ಬಹಳ ಮರ್ಯಾದಸ್ತರು. ತಲೆಯ ಮೇಲಿನ ಸಾಸಿವೆ ಕೊಡವಿಕೊಳ್ಳುತ್ತ, "ಇರಲಿ ಬಿಡ್ರಿ ಮಾವಾರ, ಸಾಸ್ವಿ ತಲಿಗೆ ತಂಪಂತ" ಎಂದರು. ಅಂದಿನಿಂದ ಆ ಮನೆಗೆ ಬಂದರೆ ಕೋಣೆಯ ನಟ್ಟನಡುವೆ, ನಾಲ್ಕೂ ಗೋಡೆಗಳಿಂದ ಸರಿಯಾದ ದೂರದಲ್ಲಿ ಕೂತು ಊಟ ಮಾಡುತ್ತಾರೆ.

ಇನ್ನು ಪಡಸಾಲೆಯ ನೆಲ. ಅದಕ್ಕೆ ಹಳೆಯ ಮನೆಗಳಲ್ಲಿರುವಂತೆ ಕೆಂಪು ಬಣ್ಣ ಬಳಿಯಬೇಕೆಂದು ಮಾವನಿಗೆ ಆಸೆ. ಒಳ್ಳೇ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬರಬೇಕು. ಬೆಳಿಗ್ಗೆಯೇ ಹಳೆಯ ಪಂಚೆ ಉಟ್ಟು, ತಲೆಗೆ ಟವೆಲ್ ಸುತ್ತಿ ಬಾಗಿಲಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ ಬಳಿದದ್ದೇ ಬಳಿದದ್ದು. ಬಣ್ಣ ಸೊಗಸಾಗಿಯೇ ಬಂತು. ತಲೆ ಎತ್ತಿ ನೋಡಿದರೆ ತಾವು ಮೂಲೆಯಲ್ಲಿದ್ದಾರೆ, ಸುತ್ತ ಹಸಿ ನೆಲ! ಬಾಗಿಲು ಎಲ್ಲಿಯೋ ದೂರದಲ್ಲಿ, ಹೊಳೆಯಾಚೆಯ ದಡದ ಹಾಗೆ ಕಾಣುತ್ತಿದೆ.

"ಒಣಗೂತನಾ ಇಲ್ಲೇ ಕುಂದರ್ತೀನಿ" ಎಂದರು ಮಾವ.

ಮಧ್ಯಾಹ್ನವಾಯಿತು, ಹಸಿವಾಯಿತು. ಅತ್ತೆ ಬಾಗಿಲಲ್ಲಿ ನಿಂತು ಖಡಕ್ ರೊಟ್ಟಿ ಎಸೆದರು. ಖಡಕ್ ರೊಟ್ಟಿ ಗಾಳಿಯಲ್ಲಿ ಇಷ್ಟು ಸಲೀಸಾಗಿ ತೇಲುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಲ್ಯ ಎಸೆಯುವ ಉಪಾಯ ಮಾತ್ರ ಹೊಳೆಯಲಿಲ್ಲ. ಬರೀ ರೊಟ್ಟಿ ತಿಂದು, ಮೇಲೆ ನೀರು ಕುಡಿಯದೆ ಮಾವ ಸಂಜೆಯವರೆಗೆ ತಪಸ್ಸು ಮಾಡಿದರು. ಆದರೆ ಮನುಷ್ಯನಿಗೆ ಹಸಿವೆಯೊಂದೇ ಬಾಧೆಯೇ? ಕೊನೆಗೆ ತಡೆಯಲಾರದೆ ಎದ್ದವರೇ ಹಸಿ ನೆಲದ ಮೇಲೆ ದಾಪುಗಾಲು ಹಾಕಿ ಓಡಿದರು. ಹೆಜ್ಜೆಗಳು ಇವತ್ತಿಗೂ ಹಾಗೆಯೇ ಇವೆ. ಬಂದವರು ಯಾರಾದರೂ ಕೇಳಿದರೆ ಮಾವ ಗಂಭೀರವಾಗಿ, "ಲಕ್ಷ್ಮಿ ಹೆಜ್ಜಿ" ಎನ್ನುತ್ತಾರೆ.

ಅತ್ತೆ ಬಿಟ್ಟಾರೆಯೇ? "ಲಕ್ಷ್ಮಿ ಹೊರಗ ಓಡಿಹೋಗ್ಯಾಳಲ್ರೀ ಮತ್ತ!"

ಎಲ್ಲಕ್ಕೂ ಕಳಶವಿಟ್ಟದ್ದು ಅಡುಗೆಮನೆಯ ಫ್ಯಾನು. ಒಗ್ಗರಣೆಯ ಘಾಟನ್ನು ಹೊರಗೆ ದಬ್ಬುವ ಫ್ಯಾನು. ಮಾವ ಗೋಡೆಯಲ್ಲಿ ಕಿಂಡಿ ಕೊರೆದು ಅದನ್ನು ಕೂರಿಸಿದ್ದೇನೋ ಗಟ್ಟಿಯಾಗಿಯೇ. ಆದರೆ ಹಿಂದುಮುಂದಾಗಿ! ಅದು ಒಳಗಿನದನ್ನು ಹೊರಗೆ ಕಳಿಸುವ ಬದಲು ಹೊರಗಿನದನ್ನು ಒಳಗೆ ಎಳೆಯುತ್ತಿತ್ತು. ಬೇರೆ ಊರಿನಲ್ಲಿ ಇದೊಂದು ಸಣ್ಣ ತಪ್ಪು. ಬ್ಯಾಡಗಿಯಲ್ಲಿ, ಅದೂ ಮೆಣಸಿನಕಾಯಿ ಸುಗ್ಗಿಯಲ್ಲಿ, ಲಾರಿಗಳು ಸಾಲುಗಟ್ಟಿ ಹೋಗುವ ರಸ್ತೆಯ ಮಗ್ಗುಲಲ್ಲಿ! ಹೊರಗಿನ ಕೆಂಪು ಘಾಟೆಲ್ಲ ಆಮಂತ್ರಣ ಕೊಟ್ಟಂತೆ ಒಳಗೆ ಬಂತು. ಬಂದದ್ದಾದರೂ ಯಾವಾಗ? ಮಗಳ ಕುಬಸದ ದಿನ, ಗುತ್ತಲದ ಬೀಗರೆಲ್ಲ ಪಡಸಾಲೆಯಲ್ಲಿ ಕೂತು, ಬಸುರಿಗೆ ಆರತಿ ಎತ್ತುವ ಹೊತ್ತಿಗೆ.

ಮೊದಲು ಸೀನಿದ್ದು ಬೀಗತಿ. ಆ ಸೀನಿಗೆ ಆರತಿಯ ದೀಪ ಆರಿತು. ಆಮೇಲೆ ಒಬ್ಬರಿಂದ ಒಬ್ಬರಿಗೆ ಹಬ್ಬಿ, ಹಾಡು ಹೇಳುವವರು ಸೀನುತ್ತ, ಸೀನುವವರು ಕೆಮ್ಮುತ್ತ, ಕೆಮ್ಮುವವರು ಅಳುತ್ತ ಕೂತರು. ತವರು ಬಿಟ್ಟುಹೋಗುವ ಮಗಳಿಗಾಗಿಯೂ ಅಷ್ಟು ಕಣ್ಣೀರು ಹರಿಯಲಿಕ್ಕಿಲ್ಲ. ಮಾವನಿಗೆ ಮಾತ್ರ ಏನೂ ಇಲ್ಲ. ವರ್ಷಾನುಗಟ್ಟಲೆ ಮೆಣಸಿನಕಾಯಿ ರಾಶಿಯ ನಡುವೆ ಉಸಿರಾಡಿದ ಮೂಗು ಅದು. ಘಾಟು ಎಂಬುದು ಅದಕ್ಕೆ ಲೆಕ್ಕಕ್ಕೇ ಇಲ್ಲ. "ಯಾಕ್ರೀ, ಎಲ್ಲಾರಿಗೂ ಕೂಡೇ ಥಂಡಿ ಹತ್ತೇತೇನು?" ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿ, ಗಾಳಿ ಸಾಲದೆಂದು ಫ್ಯಾನನ್ನು ಇನ್ನಷ್ಟು ಜೋರು ಮಾಡಿ ಬಂದರು!

ಬೀಗರೆಲ್ಲ ಗುತ್ತಲದ ಹಾದಿ ಹಿಡಿದ ಮೇಲೆ ಅತ್ತೆ ಊದುಬತ್ತಿ ಹಚ್ಚಿ ಫ್ಯಾನಿನ ಮುಂದೆ ಹಿಡಿದರು. ಹೊಗೆ ನೆಟ್ಟಗೆ ಅವರ ಮುಖಕ್ಕೇ ಬಂತು.

"ನೋಡ್ರಿ ಇಲ್ಲೆ!"

"ಹೊರಗಿಂದ ಛಲೋ ಗಾಳಿ ಬರಲಿ ಅಂತ ಬೇಕಂತನ ಹಂಗ ಹಾಕೇನಿ" ಎಂದರು ಮಾವ.

ಅತ್ತೆ ಜಗಳವಾಡಲಿಲ್ಲ. ಆ ಮನೆಯಲ್ಲಿ ಅತ್ತೆ ಸುಮ್ಮನಾದರೆಂದರೆ ವಿಷಯ ಬಹಳ ಮುಂದೆ ಹೋಗಿದೆ ಎಂದರ್ಥ. ಪಡಸಾಲೆಯ ನಡುವೆ ನಿಂತು ಛಾವಣಿ ನೋಡಿದರು. ಆಮೇಲೆ ಮಗಳ ಹೊಟ್ಟೆಯನ್ನು ನೋಡಿದರು.

"ಇದು ನಿಮ್ಮ ಮನಿ. ಗ್ವಾಡಿ ತೂತು ಮಾಡ್ರಿ, ನೆಲಾ ಕೆಡಸ್ರಿ, ನಾ ಒಂದ ಮಾತಾಡಂಗಿಲ್ಲ. ಆದ್ರ ತೊಟ್ಟಲಾ ಕೊಂಡಿ ಮಾತ್ರ ನಿಮ್ಮ ಕೈಲೆ ಬ್ಯಾಡ. ಕೂಸಿನ ಜೀವ ಐತಿ ಅದರಾಗ. ನಿಮ್ಮ ಕೈ ಮುಗೀತೀನಿ."

ನಾನು ನಡುವೆ ಬಾಯಿ ಹಾಕಿ, ಈಗೀಗ ಸ್ಟ್ಯಾಂಡಿನ ಮೇಲೆ ನಿಲ್ಲುವ ತೊಟ್ಟಿಲು ಸಿಗುತ್ತದೆ, ಹೂವಿನ ಅಲಂಕಾರ ಸಮೇತ ಬಾಡಿಗೆಗೆ ಕೊಡುತ್ತಾರೆ, ಹಾವೇರಿಯಿಂದ ನಾನೇ ಕಳಿಸುತ್ತೇನೆ ಎಂದೆ. ಬಹಳ ಜಾಣ ಸಲಹೆ ಎಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ.

ಮಾವ ನನ್ನತ್ತ ತಿರುಗಿದರು. "ಬಾಡಿಗಿ ಮನ್ಯಾಗ ಬೆಳದ ಮಗಳ ಕೂಸಿಗೂ ಬಾಡಿಗಿ ತೊಟ್ಟಲಾ ತರಬೇಕೇನೋ?"

ಮಾವ ಅಟ್ಟದಿಂದ ಹಳೆಯ ಬಣ್ಣದ ತೊಟ್ಟಿಲು ಇಳಿಸಿ ಒರೆಸತೊಡಗಿದರು. ಕೊಂಡಿ ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಆ ಮನೆಯಲ್ಲಿ ಯಾರೂ ಆಡದೆ, ಎಲ್ಲರೂ ಕೇಳಿಸಿಕೊಳ್ಳುತ್ತ ಹಾಗೆಯೇ ಉಳಿಯಿತು.

ಹೆರಿಗೆ ಹಾವೇರಿಯ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣುಕೂಸು. ಮಾವ ಬಂದು ನೋಡಿ, ಕೂಸಿನ ಮುಂದೆ ಬೆರಳಾಡಿಸಿ, ಸಂಜೆಯ ಬಸ್ಸಿಗೆ ಬ್ಯಾಡಗಿಗೆ ಹೊರಟರು. ಅವರ ಬೆನ್ನು ಮರೆಯಾದದ್ದೇ ಅತ್ತೆಗೆ ದಿಗಿಲು ಹತ್ತಿತು.

"ಮನ್ಯಾಗ ಒಬ್ರ ಅದಾರ. ಡ್ರಿಲ್ ಮಷೀನ್ ಐತಿ. ಕೇಳಾಕ ನಾ ಇಲ್ಲ. ತಮ್ಮಾ, ನಾಳೆ ಲಗೂನ ಹೋಗಿ ನೋಡಿ ಬಾರೋ, ಅವರೇನರ ಕೊಂಡಿಗೆ ಕೈ ಹಾಕಿದ್ರ ತಡೀ."

ಮರುದಿನ ಅಂಗಡಿ ತೆರೆಯದೆ ಬ್ಯಾಡಗಿಗೆ ಹೋದೆ. ಕರೆಗಂಟೆ ಒತ್ತಿ, ಬಚ್ಚಲ ದೀಪ ಹಚ್ಚಿ, ಒಳಗೆ ಕಾಲಿಟ್ಟೆ. ಅತ್ತೆಯ ಅನುಮಾನ ಸುಳ್ಳಾಗಿರಲಿಲ್ಲ. ಪಡಸಾಲೆಯ ನಡುವೆ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಮಾವ. ಕೈಯಲ್ಲಿ ಡ್ರಿಲ್ ಮಷೀನು. ಛಾವಣಿಯಲ್ಲಿ ಪೆನ್ಸಿಲಿನಿಂದ ಗುಂಡಗೆ ಗುರುತು ಮಾಡಿದ್ದಾರೆ. ಆದರೆ ಮಷೀನು ತಿರುಗುತ್ತಿಲ್ಲ, ಮಾವ ಮೇಲೆ ನೋಡುತ್ತಲೂ ಇಲ್ಲ. ಕೆಳಗೆ ನೋಡುತ್ತಿದ್ದಾರೆ.

"ಏನ್ ಮಾಡಾಕತ್ತೀರಿ ಮಾವಾ?"

"ಏನಿಲ್ಲ. ಇಲ್ಲಿಂದ ನೆಲಾ ಎಷ್ಟ ದೂರ ಐತಿ ಅಂತ ನೋಡಾಕತ್ತೇನಿ."

ಮಾವ ನಿಧಾನವಾಗಿ ಇಳಿದರು, ಮಷೀನನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಅಕಿ ಹೇಳಿದ್ದು ಖರೇ ಐತಿ" ಎಂದರು. "ಹಲಗಿ ಬಿದ್ರ ಡಬ್ಬಿ ಒಡೀತಾವು, ಮತ್ತೊಂದು ತರಬಹುದು." ಮಾತು ಮುಗಿಸದೆ ಕಾಲಿಗೆ ಚಪ್ಪಲಿ ಮೆಟ್ಟಿದರು. "ನಡಿ, ರಾಣೆಬೆನ್ನೂರಿಗೆ ಹೋಗೂಣು."

ಬ್ಯಾಡಗಿಯಲ್ಲಿ ಗೌಂಡಿಗಳಿಗೇನು ಬರವೇ? ಇಲ್ಲ. ಆದರೆ ಅಲ್ಲಿಯ ಒಬ್ಬೊಬ್ಬ ಗೌಂಡಿಯ ಮುಂದೆಯೂ ಮಾವ ತಮ್ಮ ಪ್ರತಿಜ್ಞೆಯನ್ನು ಕೊಚ್ಚಿಕೊಂಡಾಗಿತ್ತು. ಹಾಗಾಗಿ ಗುರುತು ಪರಿಚಯವಿಲ್ಲದ ಊರಿನ ಗೌಂಡಿಯೇ ಆಗಬೇಕಿತ್ತು. ರಾಣೆಬೆನ್ನೂರಿನಲ್ಲಿ ವಿಚಾರಿಸುತ್ತ ಹೋಗಿ ಒಬ್ಬನ ಮನೆ ಹುಡುಕಿದ್ದಾಯಿತು. ಅವನು ಕೆಲಸವೇನೆಂದು ಕೇಳಿದ.

"ಒಂದು ಕೊಂಡಿ ಹಾಕಬೇಕು."

"ಒಂದ ಕೊಂಡಿಗೆ ಬ್ಯಾಡಗಿತನಾ ಬರಬೇಕೇನ್ರಿ? ನೀವ ಹಾಕ್ಕೋಬಹುದಲ್ಲ!"

ಮಾವ ಅವನಿಗೆ ಕೈ ಮುಗಿದರು. ಜನ್ಮದಲ್ಲಿ ಮೊದಲ ಸಲ ಒಬ್ಬ ಗೌಂಡಿಗೆ!

ಅವನು ಬಂದ. ಮೇಜು ಹತ್ತುವ ಮೊದಲು ಸುತ್ತ ಕಣ್ಣಾಡಿಸಿ, ಕ್ಯಾಲೆಂಡರ್‌ಗಳನ್ನು, ಮೊಳಕಾಲಿನ ಹತ್ತಿರದ ಫೋಟೋವನ್ನು, ನೆಲದ ಮೇಲಿನ ಹೆಜ್ಜೆಗಳನ್ನು ನೋಡಿ ಬೆರಗಾಗಿ ನಿಂತ. "ಇದನ್ನೆಲ್ಲಾ ಯಾರ್ ಮಾಡ್ಯಾರ್ರಿ?"

"ಮೊದಲಿದ್ದವರು" ಎಂದರು ಮಾವ, ಮುಖದ ಒಂದು ಗೆರೆಯೂ ಅಲುಗದಂತೆ. "ಭಾಳ ಹುಚ್ಚ ಮಂದಿ ಇದ್ರಂತ."

ಹಾಗೆಂದು ಹೊರಗೆ ಹೋದ ಮಾವ ಗೌಂಡಿ ಕೆಲಸ ಮುಗಿಸುವವರೆಗೆ ಒಳಗೆ ಬರಲಿಲ್ಲ. ಅವನು ಹೋದ ಮೇಲೆ ಬಂದು, ಕೊಂಡಿಗೆ ಹಗ್ಗ ಕಟ್ಟಿ ಜೋಳದ ಚೀಲ ತೂಗುಹಾಕಿದರು. ಅದು ನಿಂತಿತು. ಆಮೇಲೆ ತಾವೇ ಜೋತುಬಿದ್ದರು. ಅದಕ್ಕೂ ನಿಂತಿತು. ನನ್ನನ್ನೂ ಜೋತುಬೀಳಲು ಹೇಳಿದರು. ಬೇಡವೆಂದರೆ ಕೇಳಬೇಕಲ್ಲ! ಔಷಧದ ಅಂಗಡಿಯವನೊಬ್ಬ ಹಾಡಹಗಲೇ ಬ್ಯಾಡಗಿಯಲ್ಲಿ ಛಾವಣಿಗೆ ಜೋತಾಡಿದ್ದು ಹೀಗೆ.

ತೊಟ್ಟಿಲ ದಿನ ಗುತ್ತಲದವರೆಲ್ಲ ಬಂದರು. ಬಂದವರು ಕೂಸನ್ನು ನೋಡುವ ಮೊದಲು ಮೇಲೆ ನೋಡಿದರು. ತೊಟ್ಟಿಲು ಹೂ ಮುಡಿದು ತೂಗುತ್ತಿತ್ತು. ಯಾರಿಗೂ ಅದರ ಹತ್ತಿರ ಹೋಗುವ ಧೈರ್ಯವಿಲ್ಲ. ಬೀಗತಿ ಮಗನ ಕಿವಿಯಲ್ಲಿ ಏನೋ ಉಸುರಿದರು. ಅಳಿಯ ತಲೆ ತುರಿಸಿಕೊಂಡರು, ಅಲ್ಲಿ ಇನ್ನೂ ಒಂದೆರಡು ಸಾಸಿವೆ ಉಳಿದಿದ್ದವೋ ಏನೋ. ಆಗ ಮಾವ ಮುಂದೆ ಬಂದು, ತುಂಬಿದ ಪಡಸಾಲೆಗೆ ಕೇಳಿಸುವ ಹಾಗೆ ಹೇಳಿದರು:

"ಯಾರೂ ಅಂಜಬ್ಯಾಡ್ರಿ. ಕೊಂಡಿ ನಾ ಹಾಕಿದ್ದಲ್ಲ. ರಾಣೆಬೆನ್ನೂರ ಗೌಂಡಿ ಹಾಕ್ಯಾನ."

ಪಡಸಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಮಾವನೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕಿ ತೂಗುವುದು ನಮ್ಮಲ್ಲಿಯ ಪದ್ಧತಿ. ಕಲ್ಲಿಗೆ ಅರಿಷಿಣ ಹಚ್ಚಿ, ಕುಂಚಿಗೆ ತೊಡಿಸಿ, ಕೂಸೆಂದೇ ಕರೆದು ಮಲಗಿಸುತ್ತಾರೆ. ಇದರ ಅರ್ಥವೇನೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಂದು ಹೊಳೆಯಿತು. ನಮ್ಮ ಮಾವನಂಥವರು ಮುಂದೊಂದು ದಿನ ಹುಟ್ಟುತ್ತಾರೆಂದು ಹಿರಿಯರಿಗೆ ಮೊದಲೇ ಗೊತ್ತಿತ್ತು! ಕಲ್ಲು ತೂಗಿತು, ಕೊಂಡಿ ಕಿರ್ ಎನ್ನಲಿಲ್ಲ. ಆಮೇಲೆ ಕೂಸನ್ನು ಮಲಗಿಸಿದರು. ಹೆಂಗಸರು ಹಾಡು ಎತ್ತಿಕೊಂಡರು.

ಹಾಡಿನ ನಡುವೆ ಮಾವ ಕಾಣಿಸಲಿಲ್ಲ. ಹುಡುಕಿಕೊಂಡು ಹೊರಗೆ ಬಂದರೆ ಹೊಸ್ತಿಲ ಮೇಲೆ ಕೂತಿದ್ದಾರೆ, ಬೆನ್ನು ಮನೆಯ ಕಡೆ, ಮುಖ ರಸ್ತೆಯ ಕಡೆ. ಯಾರೋ ಕೊಟ್ಟ ಗುಗ್ಗರಿಯ ತಟ್ಟೆ ತೊಡೆಯ ಮೇಲಿತ್ತು. ನಾನೂ ಪಕ್ಕದಲ್ಲಿ ಕೂತೆ. ಚಿಕ್ಕಂದಿನಲ್ಲಿ ಕಂಡ ಅದೇ ಹೊಸ್ತಿಲು ಎನ್ನಿಸಿತು.

ಅತ್ತೆ ಬಾಗಿಲಿಗೆ ಬಂದರು. "ಇಲ್ಯಾಕ ಕುಂತೀರಿ? ಬರ್ರಿ ಒಳಗ. ತೊಟ್ಟಲಾ ತೂಗೋ ಹಗ್ಗ ಸಿಗಸಾಕ ಗ್ವಾಡಿಗೆ ಒಂದು ಮೊಳಿ ಬೇಕಾಗೇತಿ."

"ಅದನ್ನೂ ಆ ಗೌಂಡಿ ಕೈಲೆನ ಹೊಡಸಿದ್ರ ಆಗತಿತ್ತು" ಎಂದರು ಮಾವ, ತಿರುಗದೆ.

"ನಮ್ಮ ಮನಿ ಗ್ವಾಡಿಗೆ ಗೌಂಡಿ ಯಾಕ? ನೀವ ಹೊಡೀರಿ."

ಸುತ್ತಿಗೆಯನ್ನು ಅತ್ತೆಯೇ ಹುಡುಕಿ ತಂದಿದ್ದರು. ಮಾವ ಗೋಡೆಯ ಹತ್ತಿರ ಬಂದದ್ದೇ ತಡ, ಬೀಗತಿ ತಮ್ಮ ತಟ್ಟೆ ಎತ್ತಿಕೊಂಡು ಕೋಣೆಯ ನಡುವೆ ಮಗನ ಪಕ್ಕಕ್ಕೆ ಸರಿದರು. "ಕೂಸು ಎದ್ದೀತ್ರಿ" ಎಂದರು ಯಾರೋ.

"ಏಳಂಗಿಲ್ಲ" ಎಂದರು ಅತ್ತೆ. "ಹೊಟ್ಟ್ಯಾಗಿದ್ದಾಗಿಂದ ಇದ ಸಪ್ಪಳಾ ಕೇಳೇತಿ. ಸಪ್ಪಳಾ ಇಲ್ಲಂದ್ರನ ಎದ್ದೀತು!"

ಮಾವ ಮೊಳೆ ಇಟ್ಟರು. ಒಂದು ಪೆಟ್ಟು ಹಾಕಿದರು. ಟಕ್ ಎಂದಿತು. ಎಂದಿನಂತೆ ಕೈ ನಿಂತಿತು, ಕತ್ತು ಮೆಲ್ಲಗೆ ಬಾಗಿಲ ಕಡೆ ಹೊರಳಿತು.

ಆಗ ಅತ್ತೆ ಅವರ ಮೊಳಕೈ ಮೇಲೆ ಕೈಯಿಟ್ಟರು. ಹತ್ತಿರವಿದ್ದ ನನಗಷ್ಟೇ ಕೇಳಿಸುವಷ್ಟು ಸಣ್ಣ ದನಿ.

"ಬಾಗಲಾ ನೋಡಬ್ಯಾಡ್ರಿ. ಯಾರೂ ಕೇಳಾಕ ಬರಂಗಿಲ್ಲ."

ಇಷ್ಟು ದಿನ ಶಾಭಾಸ್ ಅನ್ನುವವರಿಗಾಗಿ ಕಾಯುತ್ತಾರೆಂದು ನಾವು ನಗುತ್ತಿದ್ದೆವಲ್ಲ! ಟಕ್ ಎಂದರೆ ಬಾಗಿಲಲ್ಲಿ ಹಾಜರಾಗುತ್ತಿದ್ದ ಆ ಮಾಲೀಕ, ಅವನಿಗೆ ಹೆದರಿ ಅತ್ತೆ ಬಟ್ಟೆ ಹಾಸಿ ಕುಟ್ಟುತ್ತಿದ್ದ ಶೇಂಗಾ ಚಟ್ನಿ ನನಗೆ ನೆನಪಾಯಿತು.

ಮಾವ ಗೋಡೆಯ ಕಡೆ ತಿರುಗಿದರು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಅವರು ಬಾಗಿಲು ನೋಡಲಿಲ್ಲ, ನಡುವೆ ಕೈ ನಿಲ್ಲಿಸಲೂ ಇಲ್ಲ, ಮೊಳೆ ಪೂರ್ತಿ ಕೂರುವವರೆಗೆ ಹೊಡೆಯುತ್ತಲೇ ಹೋದರು. ಆ ಮನೆಯಲ್ಲಿ ನೆಟ್ಟಗಿರುವ ಮೊಳೆ ಅದೊಂದೇ.